ಕಂಪಲ್ಸರಿ ಎಂಬ ಮಾತಿನೊಳಗಿನ ದನದ ಹಿಂಡು

ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಮಗಳ ಮನೆಗೆ ಹಾಲು ಹಾಕುವವನಿಂದ ಹಿಡಿದು ಮೂಲೆ ಅಂಗಡಿಯ ಶೆಟ್ಟರವರೆಗೆ ಎಲ್ಲರಿಗೂ ಈ ಸಂಗತಿಯನ್ನು ನಾನು ಹೇಳಿ ಆಗಿದೆ. ಶೆಟ್ಟರಿಗೆ ಬೆಳಗ್ಗೆ ಒಮ್ಮೆ ಹೇಳಿದ್ದೆನಂತೆ. ಸಂಜೆ ಬೆಂಕಿಪೊಟ್ಟಣಕ್ಕೆ ಹೋದಾಗ ಮತ್ತೆ ಶುರು ಮಾಡಿದೆ.

"ಶೆಟ್ರೇ, ಕಂಪಲ್ಸರಿ ಅಂತೀವಲ್ಲ, ಆ ಮಾತು ಹುಟ್ಟಿದ್ದೆಲ್ಲಿ ಗೊತ್ತಾ ನಿಮ್ಗೆ?"

"ದನ ಕಾಯೋರ ಹತ್ರ. ಬೆಳಗ್ಗೇನೇ ಹೇಳಿದ್ರಲ್ಲ ಚಿತ್ತಣ್ಣ."

"ಇನ್ನೊಂದ್ಸಲ ಕೇಳುದ್ರೆ ನಿಮ್ಮ ಅಂಗ್ಡಿ ಸಾಮಾನೇನು ಕಡ್ಮೆ ಆಯ್ತದಾ?"

ಏನು ಮಾಡಲಿ, ತಡೆದುಕೊಳ್ಳಲು ಆಗುತ್ತಿಲ್ಲ. ನಾಲ್ಕನೇ ಕ್ಲಾಸಿನ ನಡುವೆ ಶಾಲೆ ಬಿಟ್ಟವನು ನಾನು. ಸರ್ಕಾರದ ದನದ ಕಾವಲಿನಲ್ಲಿ, ಅಂದರೆ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲಿನಲ್ಲಿ, ದನ ಮೇಯಿಸಿ ರಿಟೈರ್ ಆದವನು. ಮೇಲಿನಿಂದ ಬಂದ ಪ್ರತಿಯೊಂದು ಆರ್ಡರಿನಲ್ಲೂ ಆ ಮಾತು ಇರುತ್ತಿತ್ತು. ಕಂಪಲ್ಸರಿ ಹಾಜರಿರಬೇಕು, ಕಂಪಲ್ಸರಿ ಲಸಿಕೆ ಹಾಕಿಸಬೇಕು, ಕಂಪಲ್ಸರಿ ಬೂಟು ಹಾಕಬೇಕು. ಬೇರೆ ಇಂಗ್ಲಿಷ್ ಗೊತ್ತಿಲ್ಲದಿದ್ದರೂ ಆ ಒಂದು ಮಾತು ಕಿವಿಗೆ ಬಿದ್ದರೆ ನಾವು ಸೆಟೆದು ನಿಲ್ಲುತ್ತಿದ್ದೆವು. ಅದು ಸಾಹೇಬರ ಮಾತು, ಆಫೀಸಿನ ಮಾತು, ನಮಗೂ ಅದಕ್ಕೂ ಸಂಬಂಧವಿಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ ಅದರೊಳಗೆ ನಮ್ಮ ದನಗಳೇ ನಿಂತಿವೆ!

ಇದನ್ನು ಬರೆಯಲು ಹೇಳಿದವಳು ನನ್ನ ಮೊಮ್ಮಗಳು ಸಹನಾ. ನಾನು ದನ ಕಾಯ್ದ ಅದೇ ಕಾವಲಿಗೆ ಅವಳು ಈಗ ದನದ ಡಾಕ್ಟರಾಗಿ ಬಂದಿದ್ದಾಳೆ. ಈ ಒಂದು ಸಾಲನ್ನು ಬರೆದು, ಖುಷಿಗೆ ಎರಡು ಸಲ ಓದಿಕೊಂಡೆ. "ತಾತ, ಹೊಸ ಹುಡುಗ್ರು ಕೆಲಸಕ್ಕೆ ಸೇರವ್ರೆ. ಕಾವಲು ಅಂದ್ರೆ ಏನು, ನೀವೆಲ್ಲ ಹೆಂಗ್ ಮಾಡ್ತಿದ್ರಿ, ನಿನ್ನ ಬಾಯಲ್ಲಿ ಹೇಳೋ ಹಂಗೇ ಬರೆದುಕೊಡು" ಅಂದಳು. ಆದ್ದರಿಂದ ಹುಡುಗರೇ, ಇದು ನಿಮಗೆ.

ನಮ್ಮ ಕಾವಲು ಗುಬ್ಬಿ ಕಡೆಯದು ಎಂಬುದು ನಿಮಗೆ ಗೊತ್ತು. ಆಗ ಅದು ಈಗಿನಷ್ಟು ಚಿಕ್ಕದಲ್ಲ. ಹುಲ್ಲು ಸೊಂಟಕ್ಕೆ ಬರುತ್ತಿತ್ತು. ಅದರ ನಡುವೆ ಜಾಲಿ, ಕಗ್ಗಲಿ, ಅಲ್ಲೊಂದು ಇಲ್ಲೊಂದು ನೀರಿನ ಕಟ್ಟೆ. ಅದರಲ್ಲಿ ಅಮೃತ ಮಹಲ್ ದನಗಳು. ಮನೆ ಕೊಟ್ಟಿಗೆಯ ದನ ನೋಡಿದವರಿಗೆ ಈ ದನ ಅರ್ಥವಾಗುವುದಿಲ್ಲ. ಇವು ಹಗ್ಗ ಕಂಡಿಲ್ಲ, ಗೂಟ ಕಂಡಿಲ್ಲ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು. ಅಪರಿಚಿತರು ಬಂದರೆ ಹಿಂಡೆಲ್ಲ ಒಟ್ಟಿಗೆ ತಲೆ ಎತ್ತಿ ನೋಡುತ್ತದೆ. ಆ ನೋಟದ ಎದುರು ನಿಂತವನು ತನ್ನ ಹೆಸರನ್ನೇ ಮರೆಯುತ್ತಾನೆ.

ನನ್ನನ್ನು ಮೊದಲ ದಿನ ಜುಂಜಣ್ಣನ ಕೈಗೆ ಒಪ್ಪಿಸಿದರು. ಕಾವಲಿನಲ್ಲಿ ಎಲ್ಲರಿಗಿಂತ ಹಳೆಯ ದನಗಾಹಿ ಅವನು. ಬೆನ್ನು ಸ್ವಲ್ಪ ಬಾಗಿತ್ತು, ಕಣ್ಣು ಮಾತ್ರ ಹದ್ದಿನದು. ನಾನು ಮನೆಯಿಂದ ಒಳ್ಳೆಯ ಬಿದಿರು ಕೋಲು ಕಡಿದು ಎಣ್ಣೆ ಹಚ್ಚಿಕೊಂಡು ಬಂದಿದ್ದೆ. ಅವನು ಅದನ್ನೇ ನೋಡಿದ.

"ಕೋಲು ಹಿಡ್ಕಂಡು ಎಲ್ಲಿಗ್ಲಾ ಹೊಂಟೆ?"

"ದನ ಹೊಡಿಯಾಕೆ ಕಣಣ್ಣ."

"ಅವ್ಕೆ ಕೊಂಬೈತೆ, ನಿಂಗೆ ಕೋಲೈತೆ. ಯಾರ್ದು ಚೂಪು ಅಂತ ಮೊದ್ಲು ನೋಡ್ಕ. ಆಮ್ಯಾಕೆ ಹೊಡಿವಂತೆ ಬುಡು."

ಕೋಲನ್ನು ಕಿತ್ತುಕೊಂಡು ತನ್ನ ಗುಡಿಸಲಿನ ಸೂರಿಗೆ ಸಿಕ್ಕಿಸಿದ. ನಾನು ರಿಟೈರ್ ಆಗುವವರೆಗೂ ಅದು ಅಲ್ಲೇ ಇತ್ತು.

ಅವನು ಹೇಳಿಕೊಟ್ಟ ಕೆಲಸ ಇಷ್ಟೇ. ದನಗಳ ಹಿಂದೆ ಹೋಗಬಾರದು, ಮುಂದೆ ನಿಲ್ಲಬೇಕು. ಪ್ರತಿ ಹಿಂಡಿಗೂ ಒಬ್ಬಳು ಯಜಮಾನತಿ ಹಸು ಇರುತ್ತಾಳೆ. ಆಗ ನಮ್ಮ ಹಿಂಡಿನವಳು ಗಂಗವ್ವ. ಅವಳ ಹೆಸರು ಹಿಡಿದು ಕರೆಯಬೇಕು. "ಹೋಓಓ... ಬಾವ್ವಾ ಬಾ... ಗಂಗವ್ವಾ ಬಾ..." ಎಂದು ಹೊಟ್ಟೆಯೊಳಗಿಂದ ಎಳೆಯಬೇಕು, ಗಂಟಲಿನಿಂದಲ್ಲ. ಅವಳು ತಲೆ ಎತ್ತಿದಳೋ, ಮುಗಿಯಿತು. ಬೆನ್ನು ತಿರುಗಿಸಿ ನಡೆಯಲು ಶುರು ಮಾಡಬೇಕು. ಆಮೇಲೆ ಏನಾದರೂ ಆಗಲಿ, ತಿರುಗಿ ನೋಡಬಾರದು.

"ಯಾಕಣ್ಣ ನೋಡ್ಬಾರ್ದು?"

"ನಿಂಗೆ ನಂಬ್ಕೆ ಇಲ್ಲ ಅಂತ ಅವ್ಕೆ ತಿಳಿತದೆ ಕಣ್ಲಾ. ನಿಂತ್ಬುಡ್ತವೆ. ಒಂದ್ಸಲ ನಿಂತ್ವಾ, ಆವತ್ತಿಗೆ ಮುಗೀತು."

ಇದು ಸುಲಭ ಅಂದುಕೊಳ್ಳಬೇಡಿ. ಬೆನ್ನ ಹಿಂದೆ ಅಷ್ಟೊಂದು ಕೊಂಬು ಬರುತ್ತಿರುವಾಗ ಕತ್ತು ತಾನಾಗಿಯೇ ತಿರುಗುತ್ತದೆ. ಮೊದಮೊದಲು ಜುಂಜಣ್ಣ ನನ್ನ ಪಕ್ಕದಲ್ಲಿ ನಡೆಯುತ್ತಾ ನನ್ನ ಗಲ್ಲವನ್ನು ಕೈಯಲ್ಲಿ ಮುಂದಕ್ಕೆ ಹಿಡಿದಿರುತ್ತಿದ್ದ. ಬರಬರುತ್ತಾ ಕಿವಿಯೇ ಕಣ್ಣಾಯಿತು. ಗೊರಸಿನ ಸದ್ದಿನಲ್ಲೇ ಯಾರು ಮುಂದಿದ್ದಾಳೆ, ಯಾವ ಕರು ಹಿಂದೆ ಬಿತ್ತು ಎಂದು ತಿಳಿಯುತ್ತಿತ್ತು. ಆದರೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ನೆನಪಿಟ್ಟುಕೊಳ್ಳಿ. ನಾನು ಕರೆದಾಗ ನನ್ನ ಹಿಂದೆ ಬರುವ ಹಿಂಡನ್ನು ನಾನು ಇಡೀ ಸರ್ವೀಸಿನಲ್ಲಿ ನೋಡಲಿಲ್ಲ. ಕೇಳಿದ್ದೇನೆ, ನೋಡಿಲ್ಲ.

ಇನ್ನೊಂದು ಕಂಬಳಿಯ ವಿಷಯ. ದನಗಾಹಿಯ ಕಂಬಳಿಯನ್ನು ಒಗೆಯಬಾರದು. ಮಳೆಯಲ್ಲಿ ನೆನೆಯಲಿ, ಬಿಸಿಲಲ್ಲಿ ಒಣಗಲಿ, ಸೋಪು ಮುಟ್ಟಬಾರದು. ಅದರಲ್ಲಿ ದೊಡ್ಡಿಯ ವಾಸನೆ, ಹುಲ್ಲಿನ ವಾಸನೆ, ಹಸುಗಳದೇ ಮೈ ವಾಸನೆ ಸೇರಿಕೊಂಡಿರುತ್ತದೆ. ದನಗಳಿಗೆ ನಮ್ಮ ಮುಖಕ್ಕಿಂತ ಕಂಬಳಿಯ ಗುರುತೇ ಹೆಚ್ಚು. ನನ್ನ ಹೆಂಡತಿ ರಂಗಮ್ಮ ಮದುವೆಯಾದ ಹೊಸದರಲ್ಲಿ, ಯುಗಾದಿ ಬಂತಲ್ಲ ಎಂದು, ಅದನ್ನು ಸೀಗೆಪುಡಿ ಹಾಕಿ ಕಟ್ಟೆಯಲ್ಲಿ ಕುಕ್ಕಿ ಕುಕ್ಕಿ ಒಗೆದಳು. ಮಾರನೆಯ ದಿನ ಅದನ್ನು ಹೊದ್ದು ಹೋದರೆ ಗಂಗವ್ವ ಮೂಗು ಬುಸುಗುಟ್ಟಿಸಿ ನನ್ನನ್ನು ಕಟ್ಟೆಯ ನೀರಿನವರೆಗೂ ಅಟ್ಟಿಕೊಂಡು ಬಂದಳು. ಕಂಬಳಿಯನ್ನು ದೊಡ್ಡಿಯೊಳಗೆ ಹಾಸಿ, ದನಗಳು ಅದರ ಮೇಲೆ ಮಲಗಿ ಎದ್ದು ಹಳೆಯ ವಾಸನೆ ಬರುವವರೆಗೂ ನನಗೆ ಕಾವಲಿನಲ್ಲಿ ಕೆಲಸವೇ ಇರಲಿಲ್ಲ. ಜುಂಜಣ್ಣ ರಂಗಮ್ಮನನ್ನು ಕಂಡಾಗಲೆಲ್ಲ, "ಏನವ್ವಾ, ಈ ಸಲ ಹಬ್ಬಕ್ಕೆ ಹಸಾನೂ ಒಗ್ದು ಒಣಾಕ್ತೀಯಾ?" ಎಂದು ಕೇಳುತ್ತಿದ್ದ.

ಸಾಹೇಬರುಗಳು ಬಹಳ ಜನ ಬಂದರು, ಹೋದರು. ಅವರಲ್ಲಿ ಒಬ್ಬರನ್ನು ಮರೆಯಲಾರೆ. ಅವರಿಗೆ ನಾವು ಇಟ್ಟಿದ್ದ ಹೆಸರು ಕಂಪಲ್ಸರಿ ಸಾಹೇಬರು. ಎತ್ತರದ ಆಳು, ಮಾತು ಗಟ್ಟಿ, ಮನಸ್ಸು ಬೆಣ್ಣೆ. ಯಾವ ಮಾತು ಆಡಿದರೂ ಕೊನೆಗೆ ಆ ಒಂದು ಮಾತನ್ನು ಮೊಳೆ ಹೊಡೆದಂತೆ ಹೊಡೆಯುತ್ತಿದ್ದರು. "ನೀರಿನ ತೊಟ್ಟಿ ತೊಳೀಬೇಕು, ಕಂಪಲ್ಸರಿ." "ಮಜ್ಜಿಗೆ ಕೊಡಮ್ಮ, ಕಂಪಲ್ಸರಿ."

ಒಂದು ಸಲ ಬೆಂಗಳೂರಿನಿಂದ ಅವರಿಗಿಂತ ಮೇಲಿನವರು ಕಾವಲು ನೋಡಲು ಬರುವುದಿತ್ತು. ನಮ್ಮ ಕಂಬಳಿಗಳನ್ನು ನೋಡಿ ಸಾಹೇಬರಿಗೆ ಚಿಂತೆಯಾಯಿತು. ನಮಗೆಲ್ಲ ಹೊಸ ಖಾಕಿ ಬಟ್ಟೆ, ಗಂಜಿ ಹಾಕಿದ್ದು, ಪೆಟ್ಟಿಗೆಯಲ್ಲಿ ನುಸಿ ಗುಳಿಗೆ ಇಟ್ಟಿದ್ದು, ತರಿಸಿ ಹಂಚಿದರು. "ಕಂಬಳಿ ಕಾಣಿಸ್ಬಾರ್ದು. ಎಲ್ರೂ ಯೂನಿಫಾರಂ, ಕಂಪಲ್ಸರಿ."

ಜುಂಜಣ್ಣ ತಲೆ ಕೆರೆದುಕೊಂಡ. "ಸ್ವಾಮಿ, ದನ ಒಪ್ಪಾಕಿಲ್ಲ."

"ದನಕ್ಕೇನ್ರೀ ಗೊತ್ತಾಗುತ್ತೆ ಬಟ್ಟೆ?"

ಹೊಸ ಖಾಕಿಯಲ್ಲಿ ನಾವು ಸಾಲಾಗಿ ನಿಂತೆವು. ಮೇಲಿನವರ ಜೀಪು ಬಂತು. ಜುಂಜಣ್ಣ ಕರೆದ. ಹಿಂಡು ತಲೆ ಎತ್ತಿತು. ಕರೆಯುವ ಧ್ವನಿ ಜುಂಜಣ್ಣನದು, ಆದರೆ ಗಾಳಿಯಲ್ಲಿ ಬರುತ್ತಿರುವ ವಾಸನೆ ಯಾರದೋ! ಇವನು ಯಾರು ನಮ್ಮ ಜುಂಜಣ್ಣನನ್ನು ನುಂಗಿದವನು ಎಂಬಂತೆ ಅವು ಒಂದು ಗಳಿಗೆ ನೋಡಿದವು. ಆಮೇಲೆ ಬಾಲ ಎತ್ತಿ ನಮ್ಮ ಕಡೆಗೇ ಬಂದವು. ನಾವು ಜಾಲಿ ಮರ ಹತ್ತಿದೆವು. ಮುಳ್ಳು ಹೊಸ ಖಾಕಿಯನ್ನು ಚಿಂದಿ ಮಾಡಿತು. ಮೇಲಿನವರು ಜೀಪಿನ ಗಾಜು ಏರಿಸಿಕೊಂಡರು. ನಮ್ಮ ಸಾಹೇಬರು ನೀರಿನ ತೊಟ್ಟಿಯೊಳಗೆ ಎದೆಮಟ್ಟ ನಿಂತರು. ಜುಂಜಣ್ಣ ಮರದ ಮೇಲಿನಿಂದಲೇ ಕೇಳಿದ, "ಸ್ವಾಮೀ, ತೊಟ್ಟಿ ಚೆಂದಾಗಿ ತೊಳ್ದಿದ್ವಾ?"

ಬೇರೆಯವರಾಗಿದ್ದರೆ ನಮ್ಮನ್ನು ಕೆಲಸದಿಂದ ಕಿತ್ತು ಹಾಕುತ್ತಿದ್ದರು. ಸಾಹೇಬರು ತೊಟ್ಟಿಯೊಳಗೇ ನಗಲು ಶುರು ಮಾಡಿದರು. ಜೀಪಿನೊಳಗಿದ್ದವರೂ ನಕ್ಕರು. ಮಾರನೆಯ ಬೆಳಗ್ಗೆ ಬಂದವರೇ ಜುಂಜಣ್ಣನ ಕಂಬಳಿ ಕೇಳಿ ಇಸಕೊಂಡು ಹೆಗಲ ಮೇಲೆ ಹಾಕಿಕೊಂಡು ದೊಡ್ಡಿಯ ಕಲ್ಲಿನ ಮೇಲೆ ಕೂತರು. ಎಷ್ಟು ಹೊತ್ತು ಕೂತರೋ. ಗಂಗವ್ವ ಬಂದು ಮೂಸಿ ಹೋದಳು. ಅವರ ಮುಖ ನೋಡಬೇಕಿತ್ತು ನೀವು, ದೇವರು ಮುಟ್ಟಿ ಹೋದಂತಿತ್ತು. ಎದ್ದವರು ನಮ್ಮನ್ನೆಲ್ಲ ಕರೆದು ಹೇಳಿದರು: "ಇವತ್ತಿಂದ ಕಾವಲಿನಲ್ಲಿ ಕಂಬಳಿ, ಕಂಪಲ್ಸರಿ."

ಆ ಸಾಹೇಬರ ಕಾಲದಲ್ಲೇ ಒಂದು ಬೇಸಿಗೆ ಕಾವಲಿನ ಹುಲ್ಲು ಸುಟ್ಟು ಹೋಗಿ, ಹಿಂಡನ್ನು ಕುಣಿಗಲ್ ಕಡೆ ಕೆರೆ ಅಂಗಳದ ಹುಲ್ಲಿಗೆ ನಡೆಸಿಕೊಂಡು ಹೋದೆವು. ತುಮಕೂರಿನ ಅಂಚು ಹಾದು ಹೋಗುವಾಗ ಬೆಳಕು ಹರಿಯುತ್ತಿತ್ತು. ದೇವರಾಯನದುರ್ಗದ ಬೆಟ್ಟ ಮಂಜಿನೊಳಗಿಂದ ಮೇಲೆ ಬರುತ್ತಿತ್ತು. ಮುಂದೆ ಜುಂಜಣ್ಣ ಮತ್ತು ನಾನು, ಹಿಂದೆ ಹಿಂಡು. ರಸ್ತೆಯಲ್ಲಿ ಬಸ್ಸುಗಳು ನಿಂತವು. ಒಬ್ಬ ಪೊಲೀಸು ಓಡಿ ಬಂದು, "ಏಯ್, ಇವುನ್ನೆಲ್ಲ ಸೈಡಿಗೆ ಹಾಕ್ರೋ" ಎಂದ.

"ಸೈಡಿಗೆ ಹಾಕಾಕೆ ಇವೇನು ಲಾರಿನಾ ಸ್ವಾಮಿ? ನೀವೇ ಒಸಿ ಸೈಡಿಗೆ ನಿಂತ್ಕಳಿ, ಅವ್ರು ಹೋಗ್ಲಿ" ಎಂದ ಜುಂಜಣ್ಣ.

ಪೊಲೀಸಪ್ಪ ಹಿಂಡನ್ನು ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಪಕ್ಕಕ್ಕೆ ನಿಂತ. ಬಸ್ಸಿನ ಕಿಟಕಿಯಲ್ಲಿ ಹೆಂಗಸರು ಕೈ ಮುಗಿದರು. ಅವರೆಲ್ಲರ ಕಣ್ಣುಗಳು ನನ್ನನ್ನು ದಾಟಿ ಹಿಂದಕ್ಕೆ ನೋಡುತ್ತಿದ್ದವು. ಏನು ನೋಡುತ್ತಿದ್ದಾರಪ್ಪಾ ಇವರು, ಬಾಯಿ ತೆರೆದುಕೊಂಡು, ಅಂತ ನನಗೆ ಆಸೆಯೋ ಆಸೆ. ಜುಂಜಣ್ಣ ಕೈ ಎತ್ತಿ ನನ್ನ ಗಲ್ಲ ಹಿಡಿದ.

ಇಷ್ಟೆಲ್ಲ ಸಂತೋಷದ ಕಥೆ ಹೇಳಿ ಕಾಲುಬಾಯಿ ಜ್ವರದ ಮಾತು ಬಿಟ್ಟರೆ ನಿಮಗೆ ಮೋಸ ಮಾಡಿದಂತೆ. ಲಸಿಕೆ ಇನ್ನೂ ಸರಿಯಾಗಿ ಬಾರದ ಕಾಲದಲ್ಲಿ ಒಂದು ವರ್ಷ ಆ ಜ್ವರ ಪಕ್ಕದ ಊರಿನ ದನಗಳಿಂದ ನಮ್ಮ ಕಾವಲಿಗೆ ಬಂತು. ಹಸುಗಳ ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಹುಣ್ಣು. ಮೇಯಲು ಆಗದು, ನಡೆಯಲು ಆಗದು. ದೊಡ್ಡವು ಹೇಗೋ ಉಳಿದುಕೊಂಡವು. ಕರುಗಳು ತಾಯಿಯ ಕೆಚ್ಚಲು ಬಾಯಲ್ಲಿ ಹಿಡಿದ ಹಾಗೆಯೇ ಕುಸಿದು ಬಿದ್ದವು. ಜುಂಜಣ್ಣ ಅಷ್ಟು ಗಟ್ಟಿ ಮನುಷ್ಯ, ಒಂದೊಂದು ಕರುವನ್ನೂ ಅದರ ಹೆಸರು ಹೇಳಿ ಮಣ್ಣಿಗೆ ಇಟ್ಟ. ಆ ವರ್ಷ ಅವನು ದನಗಳನ್ನು ಕರೆಯುವ ಧ್ವನಿಯೇ ಬೇರೆ ಆಯಿತು. ಲಸಿಕೆ ಹಾಕುವ ದಿನ ಸೋಮಾರಿತನ ಮಾಡುವ ಹುಡುಗನನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ.

ಕೆಲಸದ ರೀತಿ ಬದಲಾಗುತ್ತಾ ಹೋಯಿತು. ಕಿವಿಗೆ ನಂಬರಿನ ಬಿಲ್ಲೆ ಬಂತು. ಸುತ್ತ ಕಂದಕ ಬಂತು. ದನಗಳು ಅಂಬಾ ಎನ್ನುವುದನ್ನು ನಾವು ಕೇಳಿದ ಬಿದರೆಹಳ್ಳ ಕಾವಲ್ ಬಯಲಿನಲ್ಲಿ ಈಗ ಹೆಲಿಕಾಪ್ಟರ್ ತಯಾರಾಗುತ್ತದೆ. ಅದು ಆಕಾಶದಲ್ಲಿ ಹೋಗುವುದನ್ನು ಕಂಡರೆ ನಾನು ಇವತ್ತೂ ನಿಂತು ನೋಡುತ್ತೇನೆ, ದನಗಳು ಮಾತ್ರ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಜುಂಜಣ್ಣ ಹೋದ. ನಾನು ರಿಟೈರ್ ಆದೆ. ನನ್ನ ಹಿಂದೆ ಬಂದ ಹುಡುಗರು ಕರೆಯುವುದನ್ನು ಕಲಿಯಲಿಲ್ಲ, ಅವರಿಗೆ ಅದರ ಅಗತ್ಯವೂ ಬರಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಿಂಡಿ ತಂದು ಹಾರನ್ ಹೊಡೆದರೆ ದನಗಳು ಓಡಿ ಬರುತ್ತವೆ. ಒಳ್ಳೆಯ ಉಪಾಯವೇ. ನಾನು ಬೇಡ ಅನ್ನುವುದಿಲ್ಲ.

ಇನ್ನು ಮೊನ್ನೆಯ ವಿಷಯಕ್ಕೆ ಬರುತ್ತೇನೆ.

ಸಹನಾ ಕಾವಲಿಗೆ ಬಂದು ಇನ್ನೂ ಸರಿಯಾಗಿ ಕುರ್ಚಿ ಬಿಸಿಯಾಗಿರಲಿಲ್ಲ. ಪಕ್ಕದ ಊರಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡಿತು. ಕಾವಲಿನ ಎಲ್ಲ ರಾಸುಗಳಿಗೂ ತಕ್ಷಣ ಲಸಿಕೆ, ಕಂಪಲ್ಸರಿ, ಎಂದು ಮೇಲಿನಿಂದ ಹೇಳಿದರು. ಅವಳು ಐಸಿನ ಪೆಟ್ಟಿಗೆಯಲ್ಲಿ ಲಸಿಕೆ ತರಿಸಿ ಇಟ್ಟಳು. ಅದರ ಹಿಂದಿನ ದಿನವೇ ಆಗಬಾರದ್ದು ಆಗಿತ್ತು. ಟ್ರ್ಯಾಕ್ಟರ್ ಹಾರನ್ ಕೇಳಿ ದನಗಳು ಹಿಂಡಿ ತಿನ್ನಲು ಓಡಿ ಬಂದ ಹೊತ್ತಿನಲ್ಲೇ ಪೊದೆಯಿಂದ ಚಿರತೆ ಹಾರಿ ಒಂದು ಕರುವಿನ ಮೇಲೆ ಬಿದ್ದಿತ್ತು. ಹಿಂಡು ಚೆಲ್ಲಾಪಿಲ್ಲಿಯಾಗಿ ಕುರುಚಲು ಕಾಡು ಸೇರಿತ್ತು. ಈಗ ಹಾರನ್ ಹೊಡೆದರೆ ದನಗಳು ಇನ್ನೂ ದೂರ ಓಡುತ್ತಿವೆ. ಹಾರನ್ ಅಂದರೆ ಅವಕ್ಕೀಗ ಚಿರತೆ.

ಬೆಳಗ್ಗೆ ಫೋನು ಬಂತು.

"ತಾತ, ಎದ್ದಿದೀಯಾ?"

"ನಾನ್ಯಾವತ್ತು ಮಲ್ಗಿದ್ದೆ, ಹೇಳವ್ವ."

"ಒಂದೂ ದೊಡ್ಡಿಗೆ ಬರ್ತಿಲ್ಲ ತಾತ. ಲೋಕೇಶ ಬೈಕ್ ತಗಂಡೋಗಿ ಅಟ್ಟಕ್ಕೆ ನೋಡ್ದ, ಇನ್ನೂ ಒಳಗೋದ್ವು. ಕೆಲವು ಕಂದಕದ ಆ ಕಡೆ ಹಾರಿದ್ರೆ ಜ್ವರ ಇರೋ ಊರಿಗೇ ಹೋಗ್ತವೆ. ಇವತ್ತೇ ಹಾಕ್ಬೇಕು. ಬರ್ತೀಯಾ?"

ಮೊದಲು ಅಟ್ಟದ ಮೇಲಿದ್ದ ಕಂಬಳಿ ತೆಗೆಸಿದೆ. ಮೂಗಿಗೆ ಹಿಡಿದೆ. ಮಲ್ಲಿಗೆ ಹೂವಿನ ವಾಸನೆ!

"ಅಪ್ಪಾ, ಹೋದ ತಿಂಗ್ಳು ಡ್ರೈಕ್ಲೀನಿಂಗ್‌ಗೆ ಕೊಟ್ಟಿದ್ದೆ" ಎಂದಳು ಮಗಳು, ನಾನು ಖುಷಿಪಡುತ್ತೇನೆ ಎಂದುಕೊಂಡು. "ಎಷ್ಟು ಗಲೀಜಿತ್ತು ಗೊತ್ತಾ?"

ಪಾಪ, ತಾಯಿಯ ಮಗಳು. ಅದನ್ನೇ ಕಂಕುಳಲ್ಲಿ ಇರುಕಿಕೊಂಡು ಆಟೋ ಹತ್ತಿದೆ, ಆಮೇಲೆ ಗುಬ್ಬಿ ಬಸ್ಸು.

ಕಾವಲಿನ ಗೇಟಿನಲ್ಲಿ ಸಹನಾ ಬಿಳಿ ಕೋಟಿನಲ್ಲಿ ನಿಂತಿದ್ದಳು. ಮುಖ ಬಾಡಿತ್ತು. ಹಿಂಡನ್ನು ನೋಡಿಕೊಳ್ಳುವ ಲೋಕೇಶ ಬೈಕಿಗೆ ಒರಗಿ ನೆಲ ನೋಡುತ್ತಿದ್ದ.

"ಅಜ್ಜಾ, ಯಜಮಾನತಿ ನಾಗವ್ವ ಆ ಕಗ್ಗಲಿ ಮೆಳೆ ಅಂಚಲ್ಲವ್ಳೆ" ಎಂದ. "ಅವ್ಳು ಬಂದ್ರೆ ಎಲ್ಲಾ ಬತ್ತವೆ. ಅವ್ಳೇ ಅಲ್ಲಾಡ್ತಿಲ್ಲ."

ನಾಗವ್ವ! ನಾನು ರಿಟೈರ್ ಆಗುವಾಗ ಅವಳಿನ್ನೂ ಪುಟ್ಟ ಕರು. ಸಹನಾ ಆಗ ಲಂಗ ಹಾಕುವ ಹುಡುಗಿ, ರಜಾ ಬಂದರೆ ನನ್ನ ಜೊತೆ ಕಾವಲಿಗೇ ಬರುತ್ತಿದ್ದಳು. ತಾಯಿ ಸತ್ತ ಆ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿದವಳು ಅವಳೇ. ಈಗ ಆ ಕರು ಮುದಿ ಯಜಮಾನತಿ.

ಮೆಳೆಯ ಎದುರಿನ ಬಯಲಿಗೆ ಹೋಗಿ ನಿಂತೆ. ಉಸಿರು ಎಳೆದೆ. "ಹೋಓ..." ಅಂದೆ. ಕೆಮ್ಮು ಬಂತು. ಇನ್ನೊಮ್ಮೆ ಅಂದೆ. ಸೀಳಿದ ಕೊಳಲಿನಂತೆ ಬರೀ ಗಾಳಿ ಬಂತು. ನನ್ನ ಧ್ವನಿ ಎಲ್ಲಿ ಹೋಯಿತು? ಸದಾಶಿವನಗರದ ಮನೆಯಲ್ಲಿ ಯಾರನ್ನೂ ಅಷ್ಟು ದೂರದಿಂದ ಕರೆಯುವ ಕೆಲಸವಿಲ್ಲ. ಅದು ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ. ಕಂಬಳಿಯಲ್ಲಿ ವಾಸನೆ ಇಲ್ಲ, ಗಂಟಲಲ್ಲಿ ಧ್ವನಿ ಇಲ್ಲ. ಮೆಳೆಯ ಅಂಚಿನಲ್ಲಿ ಆ ಬೂದು ಮುಖ ಕಲ್ಲಿನಂತೆ ನಿಂತಿತ್ತು. ಮಣ್ಣಿಗಿಟ್ಟ ಕರುಗಳು ಕಣ್ಣ ಮುಂದೆ ಬಂದವು. ಸೂರ್ಯ ನೆತ್ತಿಗೆ ಬರುತ್ತಿದ್ದ. ಪೆಟ್ಟಿಗೆಯ ಐಸು ಕರಗುತ್ತಿತ್ತು.

"ಪುಟ್ಟಿ, ನೀನು ಕರಿ" ಎಂದೆ.

"ನಾನಾ? ನಂಗೆಲ್ಲಿ ಬರುತ್ತೆ ತಾತ?"

"ನಾಗುಗೆ ಹಾಲು ಕುಡ್ಸಾಕೆ ಹೆಂಗ್ ಕರಿತಿದ್ದೆ? ಹಂಗೇ ಕರಿ. ಹೊಟ್ಟೆಯಿಂದ."

ಅವಳು ಒಂದು ಸಲ ಲೋಕೇಶನ ಕಡೆ ನೋಡಿ ನಾಚಿಕೊಂಡಳು. ಆಮೇಲೆ ಬಿಳಿ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕಾಲು ಅಗಲಿಸಿ ನಿಂತಳು, ಜುಂಜಣ್ಣ ನಿಲ್ಲುತ್ತಿದ್ದ ಹಾಗೆ. ಅವನನ್ನು ಅವಳು ಕಂಡೂ ಇಲ್ಲ.

"ಹೋಓಓ... ಬಾವ್ವಾ ಬಾ... ನಾಗೂ ಬಾ... ನಾಗವ್ವಾ ಬಾ..."

ಬಯಲೆಲ್ಲ ಆ ಧ್ವನಿ ಹರಿದು ಹೋಯಿತು. ಅದು ನನ್ನ ಧ್ವನಿ ಅಲ್ಲವೇ? ಗಂಡಸಿನದಲ್ಲದ, ಮುದಿಯಾಗದ, ಒಡೆಯದ ನನ್ನ ಧ್ವನಿ!

ಮೆಳೆಯ ಅಂಚಿನಲ್ಲಿ ಕಿವಿ ಎರಡೂ ಮುಂದಕ್ಕೆ ಬಂದವು. ನಾಗವ್ವ ಒಂದು ಹೆಜ್ಜೆ ಇಟ್ಟಳು. ನಿಂತಳು.

"ಈಗ ಬೆನ್ನು ತಿರುಗ್ಸು" ಎಂದೆ ಮೆಲ್ಲಗೆ. "ನಡಿ. ತಿರುಗಿ ನೋಡ್ಬ್ಯಾಡ."

"ಬರ್ತಿದಾಳಾ ತಾತ?"

"ನೋಡ್ಬ್ಯಾಡ ಅಂದೆ ಕಣೇ. ನಡಿ."

ಅವಳು ನಡೆದಳು. ಕರೆಯುತ್ತಾ ನಡೆದಳು. ನಾನು ಪಕ್ಕಕ್ಕೆ ಸರಿದು ಜಾಲಿ ಮರದ ಕೆಳಗೆ ನಿಂತೆ. ಆಗ ನೋಡಿದೆ.

ನಾಗವ್ವ ಮೆಳೆಯಿಂದ ಹೊರಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಎಡಗಡೆಯ ಪೊದೆಯಿಂದ ಕರುಗಳ ಜೊತೆ ಮೂವರು. ಬಲಗಡೆಯ ಹಳ್ಳದಿಂದ ಕೊಂಬು ಮೊದಲು, ಮುಖ ಆಮೇಲೆ. ಎಲ್ಲಿದ್ದವು ಇವೆಲ್ಲ? ನೆಲವೇ ಎದ್ದು ಹಸುಗಳಾಗಿ ಬರುತ್ತಿತ್ತು. ಹರಡಿ ಹೋಗಿದ್ದ ಬೂದು ಬಣ್ಣವೆಲ್ಲ ಒಂದು ದಾರಿಗೆ ಸೇರಿತು, ಒಂದು ಹೆಜ್ಜೆಗೆ ಸೇರಿತು. ಧೂಳು ಮೇಲೆದ್ದು ಬಿಸಿಲಲ್ಲಿ ಚಿನ್ನದಂತೆ ನಿಂತಿತು. ಅದರೊಳಗೆ ಕೊಂಬುಗಳ ಕಾಡು ತಲೆದೂಗುತ್ತಾ ಬರುತ್ತಿತ್ತು. ಎಲ್ಲದರ ಮುಂದೆ ತಿರುಗಿ ನೋಡದ ನನ್ನ ಮೊಮ್ಮಗಳು. ಇಡೀ ಸರ್ವೀಸು ನನ್ನ ಬೆನ್ನ ಹಿಂದೆ ಇದು ನಡೆಯುತ್ತಿತ್ತೇ? ಆ ಪೊಲೀಸಪ್ಪ ಟೋಪಿ ತೆಗೆದದ್ದು ಇದನ್ನು ನೋಡಿಯೇ? ನಾನೂ ಕೈ ಮುಗಿದೆ.

ಸಂಜೆಯ ಹೊತ್ತಿಗೆ ಕೊನೆಯ ಕರುವಿಗೂ ಲಸಿಕೆ ಆಯಿತು. ದೊಡ್ಡಿಯ ಕಲ್ಲಿನ ಮೇಲೆ ಕೂತು ಮೂವರೂ ಟೀ ಕುಡಿದೆವು. ಆಗಲೇ ನಾನು ಕೇಳಿದ್ದು.

"ಪುಟ್ಟಿ, ಈ ಕಂಪಲ್ಸರಿ ಅಂದ್ರೆ ನಿಜವಾಗ್ಲೂ ಏನು? ನಮ್ಮ ಸಾಹೇಬ್ರು ಜೀವ್ಮಾನವೆಲ್ಲ ಅಂದ್ರು, ಯಾರೂ ಅರ್ಥ ಹೇಳ್ಲಿಲ್ಲ."

"ಮಾಡ್ಲೇಬೇಕು ಅಂತ ತಾತ. ಅಷ್ಟೇ."

"ಅದು ಗೊತ್ತು ಬುಡು. ಒಳಗೇನೈತೆ? ಎಲ್ಲಿಂದ ಬಂತು ಅದು?"

ಅವಳು ಫೋನಿನಲ್ಲಿ ಡಿಕ್ಷನರಿ ತೆಗೆದಳು. ಓದುತ್ತಾ ಓದುತ್ತಾ ಟೀ ಲೋಟ ಕೆಳಗಿಟ್ಟಳು.

"ತಾತ... ಲ್ಯಾಟಿನ್ ಅಂತ ರೋಮಿನೋರ ಹಳೇ ಭಾಷೆ. ಅದ್ರಲ್ಲಿ ಕಾಂ ಅಂದ್ರೆ ಒಟ್ಟಿಗೆ. ಪೆಲ್ಲೆರೆ ಅಂದ್ರೆ ಅಟ್ಟೋದು. ಎರಡೂ ಸೇರಿ ಕಂಪೆಲ್ಲೆರೆ. ಚೆದುರಿ ಹೋಗಿರೋ ದನ ಕುರಿನೆಲ್ಲ ಅಟ್ಕೊಂಡು ಬಂದು ಒಂದ್ ಕಡೆ ಸೇರ್ಸೋದಂತೆ! ಆಮೇಲೆ ಅದೇ ಮನುಷ್ಯರಿಗೂ ಬಂತು, ಬಲವಂತ ಅಂತ ಆಯ್ತು. ಅದ್ರಿಂದಾನೇ ಕಂಪಲ್ಸರಿ, ಕಂಪಲ್ಸರಿಲಿ, ಎಲ್ಲಾ."

ಲೋಕೇಶ ಬಾಯಲ್ಲಿದ್ದ ಬಿಸ್ಕತ್ತು ಹಾಗೇ ಇಟ್ಟುಕೊಂಡು ಕೇಳಿದ. "ಅಂದ್ರೆ ಅವ್ರೂ ದನ ಕಾಯ್ತಿದ್ರಾ ಮೇಡಂ?"

ಎಲ್ಲಿಯ ರೋಮು, ಎಲ್ಲಿಯ ಗುಬ್ಬಿ! ನನಗೆ ಹೆಸರು ಗೊತ್ತಿಲ್ಲದ ಒಬ್ಬ ದನಗಾಹಿ, ನನಗೆ ಗೊತ್ತಿಲ್ಲದ ಒಂದು ಬೆಟ್ಟದ ಕೆಳಗೆ, ಸಂಜೆ ಹೊತ್ತು ದನ ಒಟ್ಟು ಮಾಡುತ್ತಾ ಆಡಿದ ಮಾತು. ಅವನು ಸತ್ತ, ಅವನ ಹಿಂಡು ಹೋಯಿತು. ಮಾತು ಮಾತ್ರ ಬಾಯಿಂದ ಬಾಯಿಗೆ ನಡೆದು ನಡೆದು, ಹಡಗು ಹತ್ತಿ, ಸಾಹೇಬರುಗಳ ನಾಲಿಗೆ ಹತ್ತಿ, ಕೊನೆಗೆ ಇನ್ನೊಬ್ಬ ದನಗಾಹಿಯ ಕಿವಿಗೇ ಬಂದು ಮುಟ್ಟಿದೆ. ನಾವು ಅದಕ್ಕೆ ಹೆದರಿ ಸೆಟೆದು ನಿಲ್ಲುತ್ತಿದ್ದೆವಲ್ಲ! ಅವನೂ ಹಿಂದಿನಿಂದ ಅಟ್ಟುತ್ತಿದ್ದನೋ, ಮುಂದೆ ನಿಂತು ಕರೆಯುತ್ತಿದ್ದನೋ? ಡಿಕ್ಷನರಿಯಲ್ಲಿ ಅಟ್ಟುವುದು ಅಂತಲೇ ಇದೆಯಂತೆ. ಇರಲಿ. ಅವನ ಯಜಮಾನತಿ ಹಸುವಿಗೂ ಒಂದು ಹೆಸರಿತ್ತು ಎಂದು ನನ್ನ ಮನಸ್ಸು ಹೇಳುತ್ತದೆ.

ಹುಡುಗರೇ, ಮೇಲಿನಿಂದ ಆ ಮಾತು ಬಂದಾಗ ಇನ್ನು ಹೆದರಬೇಡಿ. ಅದು ನಮ್ಮ ಕಸುಬಿನ ಮಾತು. ಅದನ್ನು ನಡೆಸುವ ರೀತಿ ನಿಮಗೆ ಈಗ ಗೊತ್ತಾಯಿತು.

ಹೊರಡುವಾಗ ನಾನು ಕಂಬಳಿ ಎತ್ತಿಕೊಳ್ಳಲು ಹೋದೆ. ಸಹನಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ದೊಡ್ಡಿಯೊಳಕ್ಕೆ ಹೋದಳು. ನಾಗವ್ವ ಮಲಗುವ ಜಾಗ ನೋಡಿ ನೆಲದ ಮೇಲೆ ಅಗಲವಾಗಿ ಹಾಸಿದಳು. ನಾಗವ್ವ ಬಂದು ಮಲ್ಲಿಗೆ ವಾಸನೆಗೆ ಒಮ್ಮೆ ಸೀನಿದಳು. ಆಮೇಲೆ ಮೊದಲು ಮುಂಗಾಲು ಮಡಚಿ, ಆಮೇಲೆ ಮೈ ಇಳಿಸಿ, ಅದರ ಮೇಲೇ ಮಲಗಿದಳು.

"ಇದು ಇನ್ಮೇಲೆ ನಂದು ತಾತ" ಎಂದಳು ನನ್ನ ಮೊಮ್ಮಗಳು, ಕೈ ಕೊಡವಿಕೊಳ್ಳುತ್ತಾ. "ಅಮ್ಮನಿಗೆ ಹೇಳ್ಬಿಡು. ಇದನ್ನ ಯಾರೂ ಒಗೆಯೋ ಹಂಗಿಲ್ಲ. ಕಂಪಲ್ಸರಿ."